ಖನಿಜದ ಮಾತ್ರೆ, ವೈದ್ಯರ ಮಾತ್ರೆ: ಯಾವುದಕ್ಕೆ ಗಡಿಯಾರ ಸಾಕು, ಯಾವುದಕ್ಕೆ ರಕ್ತಪರೀಕ್ಷೆ ಬೇಕು

ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿ, ಅದೇ ಲೋಟದ ನೀರಿನಲ್ಲಿ ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗಿದರೆ ಹೊಟ್ಟೆ ನೋಯುವುದಿಲ್ಲ, ತಲೆ ಸುತ್ತುವುದಿಲ್ಲ. ಏನೂ ಆಗುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಕ್ಯಾಲ್ಸಿಯಂ ಕರುಳಿನಲ್ಲಿ ಥೈರಾಯ್ಡ್ ಔಷಧಿಗೆ ಅಂಟಿಕೊಂಡು, ಅದರ ಒಂದು ಪಾಲನ್ನು ರಕ್ತ ಸೇರಗೊಡದೆ ಮಲದ ಜೊತೆ ಹೊರಗೆ ಸಾಗಿಸಿಬಿಡುತ್ತದೆ. ಒಂದೆರಡು ತಿಂಗಳ ಮೇಲೆ, ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಏರುವ ರಕ್ತಪರೀಕ್ಷೆಯ ಅಂಕಿಯಾದ ಟಿಎಸ್‌ಎಚ್ ಏರಿರುತ್ತದೆ, ಡೋಸ್ ಹೆಚ್ಚಿಸಿದ ಚೀಟಿ ಕೈಗೆ ಬರುತ್ತದೆ. ಕ್ಯಾಲ್ಸಿಯಂ ಸುದ್ದಿಯನ್ನು ರೋಗಿಯೂ ಎತ್ತಿರುವುದಿಲ್ಲ, ವೈದ್ಯರೂ ಕೇಳಿರುವುದಿಲ್ಲ. ಅದನ್ನು ಔಷಧಿ ಎಂದು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ.

"ಎರಡು ಗಂಟೆ ಅಂತರ ಬಿಟ್ಟರೆ ಸಾಕು" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಅರ್ಧ ಸತ್ಯ. ಖನಿಜಕ್ಕೂ ಔಷಧಿಗೂ ಜಗಳ ಹತ್ತುವುದು ಎರಡು ಜಾಗದಲ್ಲಿ. ಒಂದು ಕರುಳು, ಇನ್ನೊಂದು ರಕ್ತ. ಕರುಳಿನ ಜಗಳವನ್ನು ಗಡಿಯಾರ ಬಿಡಿಸುತ್ತದೆ: ಒಂದು ಮುಂದೆ ಸಾಗಿದ ಮೇಲೆ ಇನ್ನೊಂದು ಬಂದರೆ ಇಬ್ಬರೂ ಎದುರಾಗುವುದಿಲ್ಲ. ರಕ್ತದ ಜಗಳಕ್ಕೆ ಗಡಿಯಾರ ಉಪಯೋಗಕ್ಕೆ ಬಾರದು. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರೂ ಎರಡೂ ಸೇರುವುದು ಅದೇ ರಕ್ತಕ್ಕೆ. ಅಲ್ಲಿ ಬೇಕಾದದ್ದು ಪರೀಕ್ಷೆಯ ವರದಿ. ನಿಮ್ಮ ಮಾತ್ರೆ ಯಾವ ಗುಂಪಿನದು ಎಂದು ಮೊದಲು ಗೊತ್ತಾಗಬೇಕು.

ಹೆಜ್ಜೆ 1: ಇರುವುದನ್ನೆಲ್ಲ ಮೇಜಿನ ಮೇಲೆ ಇಡಿ

ಚೀಟಿಯಲ್ಲಿರುವ ಔಷಧಿಗಳನ್ನು ಒಂದು ಕಡೆ, ಚೀಟಿ ಇಲ್ಲದೆ ತೆಗೆದುಕೊಳ್ಳುವುದನ್ನೆಲ್ಲ ಇನ್ನೊಂದು ಕಡೆ ಇಡಿ. ಎರಡನೆಯ ಸಾಲಿನಲ್ಲೇ ಮರೆವು ಜಾಸ್ತಿ. ಖನಿಜ ಎಂದರೆ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಷ್ಟೇ ಎಂದುಕೊಂಡಿರುತ್ತೇವೆ. ಮಲ್ಟಿವಿಟಮಿನ್ ಮಾತ್ರೆಯಲ್ಲಿ ಸಾಮಾನ್ಯವಾಗಿ ಕಬ್ಬಿಣ, ಸತು, ಮೆಗ್ನೀಸಿಯಂ ಇರುತ್ತವೆ. ಎದೆಯುರಿಗೆ ಜಗಿಯುವ ಆ್ಯಂಟಾಸಿಡ್ ಎಷ್ಟೋ ಸಲ ಬರೀ ಕ್ಯಾಲ್ಸಿಯಂ ಕಾರ್ಬೊನೇಟ್. ದ್ರವರೂಪದ ಆ್ಯಂಟಾಸಿಡ್‌ನಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಎರಡೂ ಇರುತ್ತವೆ. ಮಲಬದ್ಧತೆಗೆ ಕುಡಿಯುವ ಬಿಳಿ ದ್ರವದಲ್ಲಿ ಮೆಗ್ನೀಸಿಯಂ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ತುಂಬಿರುವುದು ಪೊಟ್ಯಾಶಿಯಂ ಕ್ಲೋರೈಡ್. ಎಲೆಕ್ಟ್ರೊಲೈಟ್ ಪುಡಿ, ಪ್ರೋಟೀನ್ ಪುಡಿ, ಕೂದಲು-ಉಗುರಿನ ಮಾತ್ರೆ, ಇವೂ ಮೇಜಿಗೆ ಬರಲಿ.

ಹೆಜ್ಜೆ 2: ಲೇಬಲ್‌ನ ಲೆಕ್ಕ ಬಿಡಿಸಿ

ಲೇಬಲ್‌ನಲ್ಲಿ ದಪ್ಪಕ್ಷರದ ಸಂಖ್ಯೆ ಕೆಲವೊಮ್ಮೆ ಇಡೀ ಲವಣದ (ಖನಿಜ ಸೇರಿದ ಸಂಯುಕ್ತದ) ತೂಕ, ಕೆಲವೊಮ್ಮೆ ಅದರೊಳಗಿನ ಶುದ್ಧ ಖನಿಜದ ತೂಕ. ದೇಹಕ್ಕೆ ಲೆಕ್ಕ ಎರಡನೆಯದು. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದು ನೂರಕ್ಕೆ 40 ಪಾಲು: 1250 ಮಿ.ಗ್ರಾಂ ಎಂದು ಬರೆದಿದ್ದರೆ ಕ್ಯಾಲ್ಸಿಯಂ 500 ಮಿ.ಗ್ರಾಂ. ಸಿಟ್ರೇಟ್‌ನಲ್ಲಿ ನೂರಕ್ಕೆ 21 ಪಾಲು ಮಾತ್ರ. ಫೆರಸ್ ಸಲ್ಫೇಟ್ 325 ಮಿ.ಗ್ರಾಂ ಮಾತ್ರೆಯಲ್ಲಿ ಕಬ್ಬಿಣ ಸುಮಾರು 65 ಮಿ.ಗ್ರಾಂ. ಫೆರಸ್ ಫ್ಯೂಮರೇಟ್‌ನಲ್ಲಿ ನೂರಕ್ಕೆ 33, ಗ್ಲುಕೊನೇಟ್‌ನಲ್ಲಿ 12. ಸತುವಿನ ಸಲ್ಫೇಟ್ 220 ಮಿ.ಗ್ರಾಂ ಎಂದರೆ ಸತು 50 ಮಿ.ಗ್ರಾಂ. "ಎಲಿಮೆಂಟಲ್" ಎಂಬ ಪದ ಲೇಬಲ್‌ನಲ್ಲಿದ್ದರೆ ಅದರ ಪಕ್ಕದ ಸಂಖ್ಯೆ ಶುದ್ಧ ಖನಿಜದ್ದು, ಮತ್ತೆ ಭಾಗಿಸಬೇಡಿ.

ಈಗ ಎಲ್ಲ ಡಬ್ಬಿಗಳ ಮೊತ್ತ ಕೂಡಿಸಿ. ಆರೋಗ್ಯವಂತ ವಯಸ್ಕರು ವೈದ್ಯರ ನಿಗಾ ಇಲ್ಲದೆ ದಿನಕ್ಕೆ ದಾಟಬಾರದ ಮಿತಿ ಹೀಗಿದೆ: ಕಬ್ಬಿಣ 45 ಮಿ.ಗ್ರಾಂ, ಸತು 40 ಮಿ.ಗ್ರಾಂ, ಸೆಲೆನಿಯಂ 400 ಮೈಕ್ರೊಗ್ರಾಂ, ಅಯೋಡಿನ್ 1100 ಮೈಕ್ರೊಗ್ರಾಂ. ಕ್ಯಾಲ್ಸಿಯಂಗೆ 50ರ ವಯಸ್ಸಿನವರೆಗೆ 2500 ಮಿ.ಗ್ರಾಂ, ಆಮೇಲೆ 2000. ಇವೆಲ್ಲ ಊಟದಿಂದ ಸಿಗುವುದೂ ಸೇರಿದ ಲೆಕ್ಕ. ಮೆಗ್ನೀಸಿಯಂಗೆ ಮಾತ್ರ ಮಾತ್ರೆ, ಪುಡಿಗಳಿಂದ ಬರುವುದನ್ನಷ್ಟೇ ಎಣಿಸುತ್ತಾರೆ, ಮಿತಿ 350 ಮಿ.ಗ್ರಾಂ. ರಕ್ತಹೀನತೆಗೆ ವೈದ್ಯರು ಬರೆದ ಕಬ್ಬಿಣ ಈ ಮಿತಿಗಿಂತ ಹೆಚ್ಚಿರುವುದು ಸಹಜ. ಅದು ಚಿಕಿತ್ಸೆಯ ಡೋಸ್, ನೋಡಿ ಹೆದರಬೇಕಿಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಈ ಯಾವ ಸಂಖ್ಯೆಯೂ ಅನ್ವಯಿಸುವುದಿಲ್ಲ.

ಹೆಜ್ಜೆ 3: ಕರುಳಿನಲ್ಲಿ ಅಂಟಿಕೊಳ್ಳುವವು, ಗಂಟೆ ಲೆಕ್ಕದಲ್ಲಿ

ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ, ಸತು, ಅಲ್ಯೂಮಿನಿಯಂ, ಇವೆಲ್ಲ ಒಂದಕ್ಕಿಂತ ಹೆಚ್ಚು ಧನ ವಿದ್ಯುದಂಶ ಹೊತ್ತ ಲೋಹಗಳು. ಕೆಲವು ಔಷಧಿಗಳ ಅಣುವನ್ನು ಇಕ್ಕಳದಂತೆ ಹಿಡಿದು ಕರಗದ ಗಂಟು ಮಾಡಿಬಿಡುತ್ತವೆ. ಬಿಡಬೇಕಾದ ಅಂತರ ಔಷಧಿಯಿಂದ ಔಷಧಿಗೆ ಬೇರೆ. ಹಿಂದೆ ಎಷ್ಟು, ಮುಂದೆ ಎಷ್ಟು ಎಂಬುದೂ ಒಂದೇ ಅಲ್ಲ.

ಲಿವೋಥೈರಾಕ್ಸಿನ್: ಥೈರಾಯ್ಡ್ ಮಾತ್ರೆ ಎಂದರೆ ಇದೇ. ಬರಿ ಹೊಟ್ಟೆಯಲ್ಲಿ, ಬರಿ ನೀರಿನಲ್ಲಿ, ತಿಂಡಿಗೆ 30ರಿಂದ 60 ನಿಮಿಷ ಮೊದಲು. ಕಬ್ಬಿಣ, ಕ್ಯಾಲ್ಸಿಯಂ, ಆ್ಯಂಟಾಸಿಡ್‌ಗಳಿಗೆ 4 ಗಂಟೆ ಅಂತರ. ಕಾಫಿ ಕೂಡ ಇದರ ಹೀರಿಕೆಯನ್ನು ತಗ್ಗಿಸುತ್ತದೆ, ಮಾತ್ರೆ ನುಂಗಿದ ಕೈಯಲ್ಲೇ ಕಾಫಿ ಲೋಟ ಹಿಡಿಯಬೇಡಿ.

ಸಿಪ್ರೋಫ್ಲಾಕ್ಸಾಸಿನ್: ಸೋಂಕಿಗೆ ಕೊಡುವ ಆ್ಯಂಟಿಬಯಾಟಿಕ್. ಖನಿಜಕ್ಕಿಂತ 2 ಗಂಟೆ ಮೊದಲು, ಇಲ್ಲವೆ 6 ಗಂಟೆ ನಂತರ. ಬರೀ ಹಾಲು, ಮೊಸರಿನ ಜೊತೆಗೂ ಇದನ್ನು ನುಂಗಬಾರದು. ಲಿವೋಫ್ಲಾಕ್ಸಾಸಿನ್‌ಗೆ ಎರಡೂ ಕಡೆ 2 ಗಂಟೆ ಸಾಕು. ಮಾಕ್ಸಿಫ್ಲಾಕ್ಸಾಸಿನ್‌ಗೆ 4 ಗಂಟೆ ಮೊದಲು, 8 ಗಂಟೆ ನಂತರ. ಹೆಸರುಗಳು ಒಂದೇ ಥರ ಕೇಳಿಸುತ್ತವೆ, ಒಂದರ ಅಂತರವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಡಾಕ್ಸಿಸೈಕ್ಲಿನ್: ಇದೂ ಆ್ಯಂಟಿಬಯಾಟಿಕ್. ಇದರ ಮತ್ತು ಕಬ್ಬಿಣದ ಜಗಳ ವಿಚಿತ್ರ. ರಕ್ತ ಸೇರಿದ ಡಾಕ್ಸಿಸೈಕ್ಲಿನ್ ಪಿತ್ತದ ಮೂಲಕ ಮತ್ತೆ ಕರುಳಿಗೆ ಇಳಿಯುತ್ತದೆ, ಅಲ್ಲಿ ಕಬ್ಬಿಣ ಕಾದಿದ್ದರೆ ಅಂಟಿಸಿಕೊಳ್ಳುತ್ತದೆ. ಎಷ್ಟು ಗಂಟೆ ಬಿಟ್ಟರೂ ನಷ್ಟ ಪೂರ್ತಿ ತಪ್ಪುವುದಿಲ್ಲ. ಕೋರ್ಸ್ ಮುಗಿಯುವವರೆಗೆ ಕಬ್ಬಿಣ ನಿಲ್ಲಿಸಬಹುದೇ ಎಂದು ಚೀಟಿ ಬರೆಯುವ ಹೊತ್ತಿನಲ್ಲೇ ಕೇಳಿ.

ಅಲೆಂಡ್ರೊನೇಟ್: ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ದೊಡ್ಡ ಲೋಟ ಸಾದಾ ನೀರಿನಲ್ಲಿ ನುಂಗಿ, ಕನಿಷ್ಠ 30 ನಿಮಿಷ ಬೇರೇನೂ ತಿನ್ನದೆ, ಮಲಗದೆ ಇರಬೇಕು. ಮಲಗಿದರೆ ಮಾತ್ರೆ ಅನ್ನನಾಳಕ್ಕೆ ಮರಳಿ ಹುಣ್ಣು ಮಾಡುತ್ತದೆ. ಈ ಔಷಧಿ ಮೊದಲೇ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಹೀರಿಕೆಯಾಗುವಂಥದು. ಅದರ ಮೇಲೆ ಕ್ಯಾಲ್ಸಿಯಂ ಬಿದ್ದರೆ ಹೆಚ್ಚುಕಡಿಮೆ ಸೊನ್ನೆ. ಖನಿಜಯುಕ್ತ ಬಾಟಲಿ ನೀರೂ ಬೇಡ. ಆ ದಿನದ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಗಲಿ.

ಲೆವೊಡೋಪಾ: ಕಬ್ಬಿಣದಿಂದ ಕನಿಷ್ಠ 2 ಗಂಟೆ. ಪಾರ್ಕಿನ್ಸನ್ ಇರುವವರಲ್ಲಿ ಕಬ್ಬಿಣ ಶುರುವಾದ ವಾರವೇ ನಡುಕ, ಬಿಗಿತ ಹೆಚ್ಚಿದರೆ ಕಾಯಿಲೆ ಮುಂದುವರಿಯಿತು ಎಂದುಕೊಳ್ಳುವ ಮೊದಲು ಈ ಅಂತರ ನೋಡಿ.

ಡಾಲುಟೆಗ್ರಾವಿರ್: ಎಚ್‌ಐವಿ ಔಷಧಿ. ಖನಿಜಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ. ಕ್ಯಾಲ್ಸಿಯಂ, ಕಬ್ಬಿಣಗಳ ಮಟ್ಟಿಗೆ ಒಂದು ರಿಯಾಯಿತಿ ಉಂಟು: ಊಟದ ಜೊತೆಗಾದರೆ ಒಟ್ಟಿಗೇ ನುಂಗಬಹುದು. ಮೆಗ್ನೀಸಿಯಂ, ಅಲ್ಯೂಮಿನಿಯಂ ಆ್ಯಂಟಾಸಿಡ್‌ಗೆ ಆ ರಿಯಾಯಿತಿ ಇಲ್ಲ.

ನರನೋವಿನ ಗ್ಯಾಬಪೆಂಟಿನ್, ಕೊಲೆಸ್ಟ್ರಾಲ್‌ನ ರೋಸುವಾಸ್ಟಾಟಿನ್, ಇವಕ್ಕೆ ಮೆಗ್ನೀಸಿಯಂ-ಅಲ್ಯೂಮಿನಿಯಂ ಆ್ಯಂಟಾಸಿಡ್‌ನಿಂದ 2 ಗಂಟೆ ದೂರವಿದ್ದರೆ ಆಯಿತು.

ಖನಿಜಗಳು ತಮ್ಮತಮ್ಮಲ್ಲೂ ಪೈಪೋಟಿ ನಡೆಸುತ್ತವೆ. ಕ್ಯಾಲ್ಸಿಯಂ ಜೊತೆ ನುಂಗಿದ ಕಬ್ಬಿಣ ಕಡಿಮೆ ಹೀರಿಕೆಯಾಗುತ್ತದೆ, ಚಹಾ-ಕಾಫಿಯ ಜೊತೆಗೂ ಹಾಗೆಯೇ. ಕ್ಯಾಲ್ಸಿಯಂ ಒಂದು ಸಲಕ್ಕೆ 500 ಮಿ.ಗ್ರಾಂ ದಾಟಿದರೆ ಹೆಚ್ಚಿನದನ್ನು ಕರುಳು ಅಷ್ಟಾಗಿ ಎತ್ತಿಕೊಳ್ಳುವುದಿಲ್ಲ, ಎರಡು ಸಲ ಮಾಡಿ. ಕಾರ್ಬೊನೇಟ್ ಆದರೆ ಊಟದ ಜೊತೆ, ಏಕೆಂದರೆ ಅದು ಕರಗಲು ಜಠರದ ಆಮ್ಲ ಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ದಿನಾ ನುಂಗುವವರಿಗೆ ಆ ಆಮ್ಲ ಕಡಿಮೆ, ಅವರಿಗೆ ಸಿಟ್ರೇಟ್ ವಾಸಿ.

ಹೆಜ್ಜೆ 4: ಒಂದು ದಿನದ ಹೊಂದಾಣಿಕೆ

ಒಬ್ಬರಿಗೆ ಲಿವೋಥೈರಾಕ್ಸಿನ್, ಬಿಪಿಗೆ ಟೆಲ್ಮಿಸಾರ್ಟನ್, ದಿನಕ್ಕೆರಡು ಕ್ಯಾಲ್ಸಿಯಂ ಕಾರ್ಬೊನೇಟ್, ಒಂದು ಕಬ್ಬಿಣದ ಮಾತ್ರೆ ಇದೆ ಎನ್ನಿ.

ಬೆಳಿಗ್ಗೆ 6: ಲಿವೋಥೈರಾಕ್ಸಿನ್, ನೀರು ಮಾತ್ರ.
7.30: ತಿಂಡಿ, ಜೊತೆಗೆ ಟೆಲ್ಮಿಸಾರ್ಟನ್. ಇದು ಅಂಟಿಕೊಳ್ಳುವ ಜಾತಿಯದ್ದಲ್ಲ, ಸಮಯದ ತಕರಾರಿಲ್ಲ.
11: ಕಬ್ಬಿಣ. ಥೈರಾಯ್ಡ್ ಮಾತ್ರೆಯಿಂದ 5 ಗಂಟೆ ಆಗಿದೆ, ಹೊಟ್ಟೆ ಸಾಕಷ್ಟು ಖಾಲಿ. ಇದರ ಹಿಂದುಮುಂದು ಒಂದು ಗಂಟೆ ಚಹಾ ಬೇಡ.
ಮಧ್ಯಾಹ್ನ 1.30: ಊಟದ ಜೊತೆ ಮೊದಲ ಕ್ಯಾಲ್ಸಿಯಂ.
ರಾತ್ರಿ 8: ಊಟದ ಜೊತೆ ಎರಡನೆಯದು.

ಬರಿ ಹೊಟ್ಟೆಯಲ್ಲಿ ಕಬ್ಬಿಣ ತಡೆಯದೆ ವಾಕರಿಕೆ ಬರುವವರು ಸ್ವಲ್ಪ ತಿಂದು ನುಂಗಲಿ. ಕಡಿಮೆ ಹೀರಿಕೆಯಾದರೂ, ಬಿಟ್ಟೇಬಿಡುವುದಕ್ಕಿಂತ ಅದು ಮೇಲು. ದಿನ ಬಿಟ್ಟು ದಿನ ಕಬ್ಬಿಣ ತೆಗೆದುಕೊಳ್ಳುವ ಕ್ರಮವೂ ಇದೆ. ಒಂದು ಡೋಸ್ ಆದ ಮೇಲೆ ಸುಮಾರು 24 ಗಂಟೆ ಯಕೃತ್ತಿನ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿದ್ದು, ಕರುಳಿನಲ್ಲಿ ಕಬ್ಬಿಣದ ಬಾಗಿಲನ್ನು ಅರ್ಧ ಮುಚ್ಚಿರುತ್ತದೆ. ಮರುದಿನ ಬಿಟ್ಟರೆ ಅದರಾಚೆಯ ಡೋಸ್ ಚೆನ್ನಾಗಿ ಹತ್ತುತ್ತದೆ. ನಮ್ಮ ಮಟ್ಟಿಗೆ ಇದರ ಇನ್ನೊಂದು ಅನುಕೂಲವೆಂದರೆ ವಾರದ ಅರ್ಧ ದಿನಗಳಲ್ಲಿ ಗಂಟೆ ಲೆಕ್ಕವೇ ಹಗುರವಾಗುತ್ತದೆ. ರಕ್ತಹೀನತೆ ತೀವ್ರವಾಗಿಲ್ಲದಿದ್ದರೆ ವೈದ್ಯರು ಒಪ್ಪಬಹುದು, ಕೇಳಿ ನೋಡಿ.

ಈ ಅಚ್ಚುಕಟ್ಟಿನ ಪಟ್ಟಿಯೊಳಗೆ ಏಳು ದಿನದ ಸಿಪ್ರೋಫ್ಲಾಕ್ಸಾಸಿನ್ ಬಂದು ಬೀಳಲಿ, ಬೆಳಿಗ್ಗೆ 8ಕ್ಕೆ ಒಂದು, ರಾತ್ರಿ 8ಕ್ಕೆ ಒಂದು. ಬೆಳಗಿನ ಮಾತ್ರೆಯಾದ ಮೇಲೆ 2 ಗಂಟೆ ಬಿಡಬೇಕು, ಅಂದರೆ 10 ಗಂಟೆ. ರಾತ್ರಿಯ ಮಾತ್ರೆಗೆ 6 ಗಂಟೆ ಮೊದಲೇ ಮುಗಿಸಬೇಕು, ಅಂದರೆ ಮಧ್ಯಾಹ್ನ 2. ಹಗಲಿನಲ್ಲಿ ಖನಿಜಕ್ಕೆ ಉಳಿದದ್ದು ಈ ನಾಲ್ಕು ಗಂಟೆ. ರಾತ್ರಿ ಊಟದ ಕ್ಯಾಲ್ಸಿಯಂ ಸಿಪ್ರೋಫ್ಲಾಕ್ಸಾಸಿನ್ ಮೇಲೇ ಹೋಗಿ ಕೂರುತ್ತದೆ. ಇಂಥ ಕಡೆ ಸರ್ಕಸ್ ಮಾಡುವುದು ಬೇಡ. ವಾರದ ಮಟ್ಟಿಗೆ ಕ್ಯಾಲ್ಸಿಯಂ, ಕಬ್ಬಿಣ ನಿಲ್ಲಿಸಬಹುದೇ ಎಂದು ಕೇಳಿ. ಬಹುಪಾಲು ಜನರಿಗೆ ಏಳು ದಿನದ ಕ್ಯಾಲ್ಸಿಯಂ ತಪ್ಪಿದರೆ ಮೂಳೆಗೆ ಏನೂ ಆಗದು, ಆದರೆ ಆ್ಯಂಟಿಬಯಾಟಿಕ್ ಅರೆಬರೆ ಹತ್ತಿದರೆ ಸೋಂಕು ಉಳಿದುಬಿಡುತ್ತದೆ. ಥೈರಾಯ್ಡ್ ಅಥವಾ ಪ್ಯಾರಾಥೈರಾಯ್ಡ್ ಶಸ್ತ್ರಚಿಕಿತ್ಸೆ ಆಗಿ ಕ್ಯಾಲ್ಸಿಯಂ ಮೇಲೆಯೇ ಇರುವವರು ಮಾತ್ರ ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು. ಅವರು ಬೇರೆ ಆ್ಯಂಟಿಬಯಾಟಿಕ್ ಕೇಳುವುದು ಸರಿ.

ಇನ್ನೊಂದು ಎಡವಟ್ಟು ಪಟ್ಟಿ ಸರಿಪಡಿಸಿದ ಮೇಲೆ ಆಗುವಂಥದು. ವರ್ಷಗಟ್ಟಲೆ ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗುತ್ತಿದ್ದವರ ಡೋಸ್ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಏರಿರುತ್ತದೆ. ಇವತ್ತು ಅಂತರ ಬಿಡಲು ಶುರು ಮಾಡಿದರೆ ಅದೇ ಡೋಸ್ ಈಗ ಹೆಚ್ಚಾಗಿ ಎದೆ ಡವಗುಟ್ಟುವುದು, ಬೆವರು, ನಿದ್ದೆಗೇಡು ಕಾಣಿಸಬಹುದು. ಕ್ರಮ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ, 6ರಿಂದ 8 ವಾರದ ಮೇಲೆ ಟಿಎಸ್‌ಎಚ್ ಮಾಡಿಸಿ.

ಹೆಜ್ಜೆ 5: ರಕ್ತದಲ್ಲಿ ನಡೆಯುವವು, ಇಲ್ಲಿ ಗಂಟೆ ಬಿಟ್ಟು ಉಪಯೋಗವಿಲ್ಲ

ಎಲ್ಲಕ್ಕಿಂತ ಅಪಾಯದ್ದು ಪೊಟ್ಯಾಶಿಯಂ. ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್‌ನಂಥ "ಪ್ರಿಲ್"ಗಳು, ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂಥ "ಸಾರ್ಟನ್"ಗಳು, ಸ್ಪೈರೊನೊಲ್ಯಾಕ್ಟೋನ್, ಇವೆಲ್ಲ ಕಿಡ್ನಿಯು ಪೊಟ್ಯಾಶಿಯಂ ಹೊರಹಾಕುವುದನ್ನು ತಗ್ಗಿಸುತ್ತವೆ. ಟ್ರೈಮೆಥೊಪ್ರಿಮ್ ಇರುವ ಆ್ಯಂಟಿಬಯಾಟಿಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳೂ ಅದೇ ದಿಕ್ಕಿಗೆ ತಳ್ಳುತ್ತವೆ. ಇವುಗಳ ಮೇಲೆ ಪೊಟ್ಯಾಶಿಯಂ ಮಾತ್ರೆ, ಎಲೆಕ್ಟ್ರೊಲೈಟ್ ಪುಡಿ ಅಥವಾ ಕಡಿಮೆ ಸೋಡಿಯಂ ಉಪ್ಪು ಬಿದ್ದರೆ ರಕ್ತದಲ್ಲಿ ಮಟ್ಟ ಏರುತ್ತದೆ. ಸಾಮಾನ್ಯ ಮಟ್ಟ ಲೀಟರಿಗೆ 3.5ರಿಂದ 5 ಮಿಲಿಮೋಲ್. ಅದು 6ರ ಮೇಲೆ ಹೋದರೆ ಹೃದಯದ ಲಯ ತಪ್ಪಬಹುದು, ಎಷ್ಟೋ ಸಲ ಮುನ್ಸೂಚನೆಯೇ ಇಲ್ಲದೆ. ಬಿಪಿ ಇರುವವರು ಉಪ್ಪು ಕಡಿಮೆ ಮಾಡಬೇಕೆಂದು ಒಳ್ಳೆಯ ಮನಸ್ಸಿನಿಂದಲೇ ಆ ಬದಲಿ ಉಪ್ಪು ತರುತ್ತಾರೆ. ಪ್ರಿಲ್, ಸಾರ್ಟನ್ ನುಂಗುವವರು ಪೊಟ್ಯಾಶಿಯಂ ಮತ್ತು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ವೈದ್ಯರು ಹೂಂ ಎನ್ನುವವರೆಗೆ ಅದನ್ನು ಮುಟ್ಟದಿರುವುದು ಲೇಸು.

ಫ್ಯೂರೊಸೆಮೈಡ್, ಹೈಡ್ರೊಕ್ಲೋರೊಥಯಾಜೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಗಳದು ತದ್ವಿರುದ್ಧ, ಅವು ಪೊಟ್ಯಾಶಿಯಂ, ಮೆಗ್ನೀಸಿಯಂ ಎರಡನ್ನೂ ಹೊರಹಾಕುತ್ತವೆ. ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇವೆರಡು ತಗ್ಗಿದರೆ ಡಿಗಾಕ್ಸಿನ್ ಅದೇ ಡೋಸ್‌ನಲ್ಲೇ ವಿಷವಾಗುತ್ತದೆ. ವೈದ್ಯರು ಪೊಟ್ಯಾಶಿಯಂ ಕ್ಲೋರೈಡ್ ಬರೆದಿದ್ದರೆ ಮಾತ್ರೆಯನ್ನು ಪುಡಿ ಮಾಡದೆ, ಊಟವಾದ ಮೇಲೆ, ತುಂಬಿದ ಲೋಟ ನೀರಿನಲ್ಲಿ, ಕೂತು ನುಂಗಿ. ಗಂಟಲಲ್ಲಿ ಸಿಕ್ಕಿಕೊಂಡರೆ ಸುಟ್ಟ ಗಾಯದಂಥ ಹುಣ್ಣಾಗುತ್ತದೆ.

ಅದೇ ಥಯಾಜೈಡ್ ಗುಂಪು ಕ್ಯಾಲ್ಸಿಯಂ ವಿಷಯದಲ್ಲಿ ಮಾತ್ರ ಜಿಪುಣ, ಮೂತ್ರದಲ್ಲಿ ಹೋಗಲು ಬಿಡದೆ ಉಳಿಸಿಕೊಳ್ಳುತ್ತದೆ. ಅದರ ಜೊತೆ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ, ಎದೆಯುರಿಗೆಂದು ಜಗಿಯುವ ಕ್ಯಾಲ್ಸಿಯಂ ಆ್ಯಂಟಾಸಿಡ್ ಮೂರೂ ಕೂಡಿದರೆ ರಕ್ತದ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕು, ಇವು ಗುರುತು. ವಯಸ್ಸಾದವರಲ್ಲಿ ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಮೆಗ್ನೀಸಿಯಂ ಹೊರಹೋಗುವುದು ಕಿಡ್ನಿಯ ದಾರಿಯಲ್ಲೇ. ಕಿಡ್ನಿ ಸೋತವರಲ್ಲಿ ಮೆಗ್ನೀಸಿಯಂ ಮಾತ್ರೆ, ಮೆಗ್ನೀಸಿಯಂ ಭೇದಿಮದ್ದು ಎರಡೂ ಶೇಖರವಾಗಿ ಬಿಪಿ ಇಳಿಯುವುದು, ತೂಕಡಿಕೆ, ಸ್ನಾಯು ಸಡಿಲಿಕೆ ತರುತ್ತವೆ. ಇನ್ನೊಂದು ಕಡೆ, ಆಮ್ಲ ತಗ್ಗಿಸುವ ಪ್ರಜೋಲ್ ಗುಂಪಿನ ಮಾತ್ರೆಯನ್ನು ವರ್ಷಕ್ಕೂ ಮೇಲ್ಪಟ್ಟು ನುಂಗುವವರಲ್ಲಿ ಮೆಗ್ನೀಸಿಯಂ ಕುಸಿಯಬಹುದು. ಕಾಲು ಸೆಳೆತ, ಎದೆಬಡಿತ ಇದ್ದು, ಜೊತೆಗೆ ಮೂತ್ರದ ಮಾತ್ರೆಯೂ ಇದ್ದರೆ ಮೆಗ್ನೀಸಿಯಂ ಪರೀಕ್ಷೆ ಕೇಳಿ ಮಾಡಿಸಿ. ಮಾಮೂಲಿ ಎಲೆಕ್ಟ್ರೊಲೈಟ್ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ.

ಉಳಿದವು ಚುಟುಕಾಗಿ. ಸತುವನ್ನು ದಿನಕ್ಕೆ 50 ಮಿ.ಗ್ರಾಂ ಅಥವಾ ಹೆಚ್ಚು, ವಾರಗಟ್ಟಲೆ ನುಂಗಿದರೆ ತಾಮ್ರ ಕಡಿಮೆಯಾಗಿ ರಕ್ತಹೀನತೆ, ಪಾದಗಳಲ್ಲಿ ಜೋಮು ಬರಬಹುದು. ಆ ರಕ್ತಹೀನತೆಗೆ ಕಬ್ಬಿಣ ಕೊಟ್ಟರೆ ವಾಸಿಯಾಗದು. ಥೈರಾಯ್ಡ್ ತೊಂದರೆ ಇದ್ದವರು ಅಯೋಡಿನ್ ಮಾತ್ರೆ, ಕಡಲಕಳೆಯ ಪುಡಿ ತಾವಾಗಿ ಶುರು ಮಾಡಬಾರದು. ಹೃದಯದ ಲಯ ತಪ್ಪಿದ್ದಕ್ಕೆ ಕೊಡುವ ಅಮಿಯೊಡರೋನ್ ನುಂಗುವವರಂತೂ ಬೇಡವೇ ಬೇಡ, 200 ಮಿ.ಗ್ರಾಂ ಮಾತ್ರೆಯೊಂದರಲ್ಲೇ ಸುಮಾರು 75 ಮಿ.ಗ್ರಾಂ ಅಯೋಡಿನ್ ಇದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ಮಲ್ಟಿವಿಟಮಿನ್ ಲೇಬಲ್‌ನಲ್ಲಿ ವಿಟಮಿನ್ ಕೆ ಹುಡುಕಿ. ಅದು ಖನಿಜವಲ್ಲ, ಆದರೆ ಅದೇ ಡಬ್ಬಿಯಲ್ಲಿ ಕೂತು, ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಏರುಪೇರು ಮಾಡುತ್ತದೆ.

ಹೆಜ್ಜೆ 6: ಮಲದ ಬಣ್ಣ, ಲ್ಯಾಬ್ ವರದಿ

ಕಬ್ಬಿಣ ನುಂಗಿದರೆ ಮಲ ಕಪ್ಪು ಹಸಿರಾಗುವುದು ಸಹಜ. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ನುಂಗುವವರಿಗೆ ಇದೇ ದೊಡ್ಡ ಗೊಂದಲ, ಹೊಟ್ಟೆಯೊಳಗೆ ರಕ್ತ ಸೋರಿದರೂ ಮಲ ಕಪ್ಪೇ. ಕಬ್ಬಿಣದ ಮಲ ಸಾಮಾನ್ಯವಾಗಿ ಗಟ್ಟಿಯಾಗಿ, ಎಂದಿನ ವಾಸನೆಯಲ್ಲೇ ಇರುತ್ತದೆ. ರಕ್ತದ ಮಲ ಡಾಂಬರಿನಂತೆ ಮಿರುಗುತ್ತ, ಜಿಗುಟಾಗಿ, ಬೇರೆಯೇ ದುರ್ನಾತದಿಂದ ಕೂಡಿರುತ್ತದೆ. ಅದು ಕಂಡರೆ, ಅಥವಾ ಕಬ್ಬಿಣ ನುಂಗುತ್ತಿದ್ದರೂ ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ, ಅದೇ ದಿನ ತೋರಿಸಿ.

ಕೂದಲು-ಉಗುರಿನ ಮಾತ್ರೆಗಳಲ್ಲಿ ಸತು, ಸೆಲೆನಿಯಂ ಜೊತೆ ಬಯೋಟಿನ್ ಎಂಬ ವಿಟಮಿನ್ 5ರಿಂದ 10 ಮಿ.ಗ್ರಾಂ ತುಂಬಿರುತ್ತಾರೆ. ಅದು ದೇಹಕ್ಕೆ ಕೆಡುಕು ಮಾಡದಿದ್ದರೂ ಕೆಲವು ಲ್ಯಾಬ್ ಯಂತ್ರಗಳ ಲೆಕ್ಕ ಕೆಡಿಸುತ್ತದೆ: ಟಿಎಸ್‌ಎಚ್ ಸುಳ್ಳಾಗಿ ತಗ್ಗಿ, ಥೈರಾಯ್ಡ್ ಹಾರ್ಮೋನ್ ಟಿ4 ಸುಳ್ಳಾಗಿ ಏರಿ ಕಾಣುತ್ತದೆ. ಹೃದಯಾಘಾತ ಪತ್ತೆಯ ಟ್ರೊಪೋನಿನ್ ಪರೀಕ್ಷೆಯೂ ತಪ್ಪಬಹುದು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ, ರಕ್ತ ಕೊಡುವಾಗ ಅದರ ಹೆಸರನ್ನೂ ಹೇಳಿ.

ತಪ್ಪಾದಾಗ

ಒಂದು ದಿನ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಒಟ್ಟಿಗೆ ಹೊಟ್ಟೆಗೆ ಹೋದರೆ ಮತ್ತೊಂದು ಥೈರಾಯ್ಡ್ ಮಾತ್ರೆ ನುಂಗಬೇಡಿ. ರಕ್ತದಲ್ಲಿ ಅದರ ಅರ್ಧಾಯುಷ್ಯವೇ ಸುಮಾರು ಏಳು ದಿನ, ಒಂದು ದಿನದ ನಷ್ಟ ಗೊತ್ತೂ ಆಗುವುದಿಲ್ಲ. ಆ್ಯಂಟಿಬಯಾಟಿಕ್ ಜೊತೆ ಹಾಗಾದರೂ ಡೋಸ್ ದುಪ್ಪಟ್ಟು ಮಾಡದೆ ಮುಂದಿನದನ್ನು ಸರಿಯಾದ ಸಮಯಕ್ಕೆ ನುಂಗಿ. ಪೊಟ್ಯಾಶಿಯಂ ಸೇರಿಸಿದ ಮೇಲೆ ಕೈಕಾಲು ಸೋಲುವುದು, ಎದೆಬಡಿತ ತಪ್ಪಿದಂತಾಗುವುದು, ಕಣ್ಣು ಕತ್ತಲೆ, ಇವಕ್ಕೆ ಮರುದಿನದವರೆಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಕಬ್ಬಿಣದ ಮಾತ್ರೆಯನ್ನು ಮಗು ನುಂಗಿದರೆ ಅದು ವಿಷಪ್ರಾಶನ. ಮಗುವಿನ ತೂಕದ ಕಿಲೋಗೆ 20 ಮಿ.ಗ್ರಾಂ ಶುದ್ಧ ಕಬ್ಬಿಣದಿಂದ ತೊಂದರೆ ಶುರು, 60 ಮಿ.ಗ್ರಾಂ ದಾಟಿದರೆ ಪ್ರಾಣಕ್ಕೆ ಅಪಾಯ. ಹತ್ತು ಕಿಲೋ ಮಗುವಿಗೆ ಆ ಗಡಿ ಎಂದರೆ 100 ಮಿ.ಗ್ರಾಂ ಶುದ್ಧ ಕಬ್ಬಿಣದ ಆರೇ ಮಾತ್ರೆ. ಮೊದಲು ವಾಂತಿ, ಭೇದಿ ಆಗಿ, ಆಮೇಲೆ ಕೆಲವು ಗಂಟೆ ಮಗು ಸುಧಾರಿಸಿದಂತೆ ಕಾಣುತ್ತದೆ, ಒಳಗೆ ಯಕೃತ್ತಿಗೆ, ಹೃದಯಕ್ಕೆ ಪೆಟ್ಟು ಬೀಳುತ್ತಲೇ ಇರುತ್ತದೆ. ಆಟವಾಡುತ್ತಿದೆಯಲ್ಲ ಎಂದು ಮನೆಯಲ್ಲಿ ಕೂರಬೇಡಿ. ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ನಡೆಯಿರಿ, ಡಬ್ಬಿಯನ್ನೂ ಉಳಿದ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ಯಾವ ಲವಣ, ಎಷ್ಟು ಮಿ.ಗ್ರಾಂ, ಎಷ್ಟು ಮಾತ್ರೆ ಕಡಿಮೆಯಾಗಿವೆ ಎಂಬ ಲೆಕ್ಕದ ಮೇಲೆಯೇ ಅಲ್ಲಿ ಚಿಕಿತ್ಸೆ ನಿರ್ಧಾರವಾಗುತ್ತದೆ.